ಚಹಾ ಕುಡಿಯುವಷ್ಟು ಹೊತ್ತು

ಕಳೆದ ತಿಂಗಳು ಹಾವೇರಿಯಲ್ಲಿ ಒಂದು ಮೈದಾನದ ಪಕ್ಕ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಆ ವಾಸನೆ ಬಂತು. ಆಗಷ್ಟೇ ಕತ್ತರಿಸಿದ ಹಸಿ ಹುಲ್ಲು, ಅದರ ಜೊತೆಗೆ ಪೆಟ್ರೋಲು. ಬೇರೆ ಬೇರೆಯಾಗಿ ಎರಡೂ ದಿನವೂ ಮೂಗಿಗೆ ಬೀಳುತ್ತವೆ. ಕೂಡಿ ಬಂದದ್ದು ಎಷ್ಟೋ ವರ್ಷಗಳ ಮೇಲೆ. ತಂತಿಬೇಲಿಯ ಆಚೆ ಐವತ್ತರ ಆಸುಪಾಸಿನ ಒಬ್ಬಾತ, ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವನ್ನು ನಿಲ್ಲಿಸಿ ಕೆಳಗಿಳಿದ. ಇಳಿದವನೇ ಟ್ಯಾಂಕಿನ ಮುಚ್ಚಳ ತಿರುಗಿಸತೊಡಗಿದ. ಎಂಜಿನ್ನಿನ ಮೇಲಿನ ಗಾಳಿ ಇನ್ನೂ ಕಾವಿಗೆ ನಡುಗುತ್ತಿತ್ತು.

ನನಗೆ ಓವರ್‌ಸೀಯರ್ ಸಾಹೇಬರು ನೆನಪಾದರು...

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ರಾಣೆಬೆನ್ನೂರಿನಲ್ಲಿ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ವರದಿಗಾರನಾಗಿದ್ದೆ. ವರ್ತಕರ ಕ್ಲಬ್ಬಿನ ಹಿಂದಿನ ಸಾಲುಮನೆಯಲ್ಲಿ ಬಾಡಿಗೆಗಿದ್ದೆ. ಪಕ್ಕದ ಮನೆ ಅವರದು. ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸೀಯರ್ ಆಗಿ ನಿವೃತ್ತರಾಗಿದ್ದರು, ಒಬ್ಬರೇ ಇದ್ದರು, ಕ್ಲಬ್ಬಿನ ಗೌರವ ಕಾರ್ಯದರ್ಶಿಯಾಗಿದ್ದರು. ಜನಕ್ಕೆ ಬೇಕಾದ ಮನುಷ್ಯ ಅವರಾಗಿರಲಿಲ್ಲ. ನಗುತ್ತಿರಲಿಲ್ಲ. ಅಂಗಳಕ್ಕೆ ಬಿದ್ದ ಮಕ್ಕಳ ಚೆಂಡನ್ನು ಸಂಜೆಯವರೆಗೆ ಕೊಡುತ್ತಿರಲಿಲ್ಲ. ನನಗೂ ಅವರ ಮೇಲೆ ವಿಶೇಷ ಪ್ರೀತಿ ಇತ್ತೆಂದು ಹೇಳಲಾರೆ.

ಕ್ಲಬ್ಬಿಗೆ ಅರಳೆ, ಬೀಜ, ಮೆಣಸಿನಕಾಯಿ ವ್ಯಾಪಾರಿಗಳು ಸದಸ್ಯರು. ಮುಂದೆ ದೊಡ್ಡ ಹುಲ್ಲುಹಾಸು. ಒಂದು ಕಾರ್ಖಾನೆಯ ಹಳೇ ಸಾಮಾನಿನ ಹರಾಜಿನಲ್ಲಿ ಅಧ್ಯಕ್ಷರು ಆ ಯಂತ್ರವನ್ನು ಹಿಡಿದು ತಂದಿದ್ದರು. ಊರು ಅದಕ್ಕೆ ಹುಲ್ಲಿನ ಕಾರು ಎಂದು ಹೆಸರಿಟ್ಟಿತು. ಮೊದಮೊದಲು ಆಟೋದವರು ಕಂಪೌಂಡಿನ ಪಕ್ಕ ನಿಲ್ಲಿಸಿ ನೋಡಿ ಹೋಗುತ್ತಿದ್ದರು. ಅದನ್ನು ಓಡಿಸುವ, ನೋಡಿಕೊಳ್ಳುವ ಕೆಲಸವನ್ನು ಓವರ್‌ಸೀಯರ್ ಸಾಹೇಬರು ತಾವೇ ಮೈಮೇಲೆ ಹಾಕಿಕೊಂಡರು. ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ.

ಬ್ಲೇಡಿಗೆ ಸುತ್ತಿದ ಹುಲ್ಲು ಬಿಡಿಸುವ ಮೊದಲು ಪ್ಲಗ್ಗಿನ ವಯರು ಕಿತ್ತಿಡುವುದು, ವಾರಕ್ಕೊಮ್ಮೆ ಏರ್ ಫಿಲ್ಟರಿನ ಧೂಳು ಕೊಡವುವುದು, ಆಯಿಲ್ ಕಡ್ಡಿ ಒರೆಸಿ ಎತ್ತಿ ನೋಡುವುದು, ಇವೆಲ್ಲ ಯಾರೂ ಮಾಡಬಹುದಾದ ಕೆಲಸ. ಜನರ ಬಾಯಿಗೆ ಅವರು ಸಿಕ್ಕಿದ್ದು ಪೆಟ್ರೋಲಿನ ವಿಷಯಕ್ಕೆ. ಡಬ್ಬಿಯನ್ನು ಯಂತ್ರದ ಶೆಡ್ಡಿನಲ್ಲಿ ಇಡುತ್ತಿರಲಿಲ್ಲ. ಅದಕ್ಕೆ ದೂರದ ಗೂಡು, ಗೂಡಿಗೆ ಕೀಲಿ, ಕೀಲಿ ಅವರ ಉಡದಾರದಲ್ಲಿ. ಎಂಜಿನ್ ನಿಲ್ಲಿಸಿದ ಕೂಡಲೇ ಎಣ್ಣೆ ಹಾಕುತ್ತಿರಲಿಲ್ಲ. ಕ್ಯಾಂಟೀನಿಗೆ ಹೋಗಿ ಒಂದು ಚಹಾ ಹೇಳಿ, ಬಸಿಗೆ ಸುರಿದು, ಆರಿಸಿ ಕುಡಿದು, ಕಪ್ಪು-ಬಸಿ ತಾವೇ ತೊಳೆದಿಟ್ಟು ಬರುತ್ತಿದ್ದರು. ಅಂಗೈಯ ಹಿಂಬದಿಯಿಂದ ಎಂಜಿನ್ ಮುಟ್ಟಿ ನೋಡುತ್ತಿದ್ದರು. ಕಾವಿದ್ದರೆ ಇನ್ನೊಂದು ಚಹಾ. ಆರಿದ್ದರೆ ಲಾಳಿಕೆ ಇಟ್ಟು, ಟ್ಯಾಂಕಿನ ಕುತ್ತಿಗೆಗಿಂತ ಕೆಳಗೇ ಪೆಟ್ರೋಲು ನಿಲ್ಲಿಸಿ, ಚೆಲ್ಲಿದ್ದನ್ನು ಒರೆಸಿ, ಒರೆಸಿದ ಬಟ್ಟೆಯನ್ನು ದೂರ ಒಗೆದು ಮುಚ್ಚಳ ಹಾಕುತ್ತಿದ್ದರು. ಅಷ್ಟೂ ಹೊತ್ತು ಒಂದು ಬಕೆಟ್ ಉಸುಕು, ನೀರಲ್ಲಿ ನೆನೆಸಿದ ಎರಡು ಗೋಣಿಚೀಲ ಪಕ್ಕದಲ್ಲೇ ಇರುತ್ತಿದ್ದವು.

ವರಾಂಡದಲ್ಲಿ ಇಸ್ಪೀಟು ಆಡುವವರಿಗೆ ಇದು ದಿನದ ತಮಾಷೆ.

"ಓವರ್‌ಸೀಯರ್ರ, ನಿಮ್ಮ ಎಮ್ಮಿ ಇನ್ನ ಮೇವ ತಿಂದಿಲ್ಲೇನ್ರಿ?"

"ಬಿಸಿ ಐತಿ."

"ಜ್ವರ ಬಂದಾವೇನ ಹಂಗಾರ? ಡಾಕ್ಟರ್ನ ಕರೀಲೇನು?"

ಅವರು ಇನ್ನೊಂದು ಚಹಾ ಹೇಳಲು ಹೋಗುತ್ತಿದ್ದರು. ಬೀಡಿ ಹಚ್ಚಿಕೊಂಡವರು ಹತ್ತಿರ ಬಂದರೆ ಮಾತ್ರ ಬಾಯಿ ಬಿಡುತ್ತಿದ್ದರು. ಆಗ ಬಳಸುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾಗದು.

ನಗೆಯ ಕೆಳಗೆ ಬೇರೊಂದು ಇತ್ತು, ಅದು ಊರಿಗೆಲ್ಲ ಗೊತ್ತಿತ್ತು. ಹಿಂದೆ ಹಾವೇರಿಯಲ್ಲಿ ಕೆಲಸದಲ್ಲಿದ್ದಾಗ ಅವರ ಹೆಂಡತಿ ಅಡುಗೆಮನೆಯಲ್ಲಿ ಸುಟ್ಟುಕೊಂಡು ಸತ್ತಿದ್ದರು. ಪಂಪಿನ ಸ್ಟೋವು. ಉರಿದು ನಿಂತ ಬಿಸಿ ಸ್ಟೋವಿಗೆ ಆಕೆ ಸೀಮೆಎಣ್ಣೆ ತುಂಬಲು ಹೋದಳು, ತಾನು ಬಚ್ಚಲಲ್ಲಿದ್ದೆ ಎಂದು ಅವರು ಹೇಳಿದ್ದರು. ಹೆಂಡತಿಯ ತವರಿನವರು ಬೇರೆ ಹೇಳಿದ್ದರು. ಆ ಕಾಲದಲ್ಲಿ ಸ್ಟೋವು ಸಿಡಿಯಿತೆಂದರೆ ಜನ ಮೊದಲು ಗಂಡನ ಮುಖ ನೋಡುತ್ತಿದ್ದರು. ಹಾಗೆ ನೋಡುವುದಕ್ಕೆ ಕಾರಣಗಳೂ ಇದ್ದವು. ಅಂಥ ಸುದ್ದಿಗಳನ್ನು ನಾನೇ ಬರೆದಿದ್ದೇನೆ. ಇವರ ವಿಷಯದಲ್ಲಿ ಪೊಲೀಸರು ಪ್ರಕರಣ ಮುಗಿಸಿದ್ದರು. ಊರು ಮುಗಿಸಿರಲಿಲ್ಲ.

ಅವರ ಚಹಾ, ಉಸುಕು, ಗೋಣಿಚೀಲಗಳು ನನಗೆ ನಿಧಾನಕ್ಕೆ ಅರ್ಥವಾದವು. ಬಿಸಿಯಾದದ್ದಕ್ಕೆ ಎಣ್ಣೆ ಸುರಿದರೆ ಬೆಂಕಿ ತಾನಾಗಿ ಹತ್ತುತ್ತದೆ, ಯಾರೂ ಹಚ್ಚಬೇಕಿಲ್ಲ. ಈ ಒಂದು ಮಾತನ್ನು ಆ ಮನುಷ್ಯ ದಿನವೂ ಹುಲ್ಲುಹಾಸಿನ ಮೇಲೆ ನಿಂತು, ಕೇಳಲು ಒಲ್ಲದ ಊರಿಗೆ ಹೇಳುತ್ತಿದ್ದರು. ಅವರಿಗೆ ಬೇಕಾದದ್ದು ಅದೊಂದನ್ನು ನಂಬುವ ಜನ.

ಆ ವರ್ಷದ ಖಂಡೇಪೂಜೆ, ನವರಾತ್ರಿಯ ಆಯುಧಪೂಜೆ. ಊರಿನ ಟ್ರಾಕ್ಟರು, ತಕ್ಕಡಿ, ಹೊಲಿಗೆ ಮಷೀನುಗಳಂತೆ ಹುಲ್ಲಿನ ಕಾರಿಗೂ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಅಧ್ಯಕ್ಷರು ತಡವಾಗಿ ಬಂದರು. ಜೊತೆಗೆ ಅವರ ಮಗಳ ಗಂಡ, ಬ್ಯಾಡಗಿಯ ಅಳಿಯಂದಿರೂ ಇದ್ದರು. ಅಳಿಯಂದಿರಿಗೆ ಅದನ್ನು ಓಡಿಸುವ ಆಸೆ. ಓವರ್‌ಸೀಯರ್ ಸಾಹೇಬರು ಬೇಡವೆನ್ನಲಾಗದೆ ಇಳಿದು ನಿಂತರು. ಅಳಿಯಂದಿರು ಹೂಮಾಲೆ ಹಾರಿಸಿಕೊಂಡು ಹುಲ್ಲುಹಾಸಿನ ಸುತ್ತ ಸಾಕುಸಾಕಾಗುವಷ್ಟು ಸುತ್ತಿದರು. ಕೊನೆಗೆ ಪೂಜೆಯ ಚಪ್ಪರದ ಎದುರಿಗೇ ಎಂಜಿನ್ ಕೆಮ್ಮಿ ನಿಂತಿತು. ಪೆಟ್ರೋಲು ಮುಗಿದಿತ್ತು.

ನಮ್ಮ ಕಡೆ ಖಂಡೇಪೂಜೆಯಲ್ಲಿ ಗಾಡಿಗಳ ಟ್ಯಾಂಕು ತುಂಬಿಸಿಯೇ ಆರತಿ ಎತ್ತುವ ರೂಢಿಯಿದೆ. ಬರಿದಾದ ಟ್ಯಾಂಕಿಗೆ ಆರತಿ ಎತ್ತಲು ಯಾರಿಗೂ ಮನಸ್ಸು ಬರುವುದಿಲ್ಲ. ಅಧ್ಯಕ್ಷರು ಕೈಗಡಿಯಾರ ನೋಡಿದರು.

"ಲಗೂ ಎಣ್ಣಿ ಹಾಕಸ್ರಿ ಓವರ್‌ಸೀಯರ್ರ, ರಾಹುಕಾಲ ಹತ್ತತೈತಿ."

"ಈಗ ನಿಂತೈತ್ರಿ ಧಣ್ಯಾರ, ಸುಡಾಕತ್ತೈತಿ. ಆರತಿ ಮೊದಲ ಮಾಡ್ರಿ, ಎಣ್ಣಿ ಆಮ್ಯಾಲೆ ಹಾಕೂಣು. ಇಲ್ಲಾಂದ್ರ ಎಲ್ಲಾರೂ ಒಂದೊಂದು ಚಹಾ ಕುಡೀರಿ, ಅಷ್ಟರಾಗ ಆರತೈತಿ."

"ಹೊಟ್ಟಿ ಖಾಲಿ ಇಟ್ಟು ಆರತಿ ಬೆಳಗತಾರೇನ್ರಿ? ವರ್ಷಾ ಪೂರ್ತಿ ಅದನ್ನ ಉಪವಾಸ ಕೆಡವ್ತೀರೇನು?"

ಜನ ನಕ್ಕರು. ಸಾಹೇಬರು ಕದಲಲಿಲ್ಲ. ಕೈ ಉಡದಾರದ ಕೀಲಿಯ ಮೇಲೇ ಇತ್ತು. ಆಗ ಇಸ್ಪೀಟಿನ ಗುಂಪಿನಿಂದ ಒಬ್ಬರು, ದನಿ ಎತ್ತರಿಸದೆ, ಎಲ್ಲರಿಗೂ ಕೇಳುವ ಹಾಗೆ ಅಂದರು:

"ಇರಲಿ ಬಿಡ್ರಿ ಧಣ್ಯಾರ. ಬೆಂಕಿ ಹೆಂಗ ಹತ್ತತೈತಿ ಅನ್ನೂದು ಸಾಹೇಬ್ರಿಗೆ ಗೊತ್ತಿದ್ದಷ್ಟು ಮತ್ತ್ಯಾರಿಗೆ ಗೊತ್ತೈತಿ?"

ಈ ಸಲ ಯಾರೂ ನಗಲಿಲ್ಲ. ಓವರ್‌ಸೀಯರ್ ಸಾಹೇಬರು ಆ ಕಡೆ ತಿರುಗಿಯೂ ನೋಡಲಿಲ್ಲ. ಕೀಲಿ ಬಿಚ್ಚಿ ಅಧ್ಯಕ್ಷರ ಕಾರಿನ ಡ್ರೈವರನ ಕೈಗೆ ಹಾಕಿದರು. ನಂತರ ಗೋಣಿಚೀಲಗಳು ಇದ್ದ ಕಡೆ ನಡೆದರು. ಅದನ್ನು ನಾನು ನೋಡಿದೆ.

ಡ್ರೈವರು ಡಬ್ಬಿ ತಂದ. ಲಾಳಿಕೆ ಹುಡುಕುವ ಪುರುಸೊತ್ತು ಅವನಿಗಿರಲಿಲ್ಲ. ಎತ್ತಿ ಸುರಿದ, ಕುತ್ತಿಗೆ ತುಂಬಿ, ಹೊರಗೆ ಚೆಲ್ಲಿ, ಎಂಜಿನ್ನಿನ ಮೇಲೆ ಹರಿದು ಚುರ್ರೆಂದಿತು. ಅಷ್ಟರಲ್ಲಿ ಪೂಜೆಗೆ ಬಂದ ಅಯ್ಯನವರು ಕರ್ಪೂರ ಹಚ್ಚಿದ ತಟ್ಟೆ ಹಿಡಿದು ಮುಂದೆ ಬಂದಿದ್ದರು. ಹತ್ತಿದ್ದು ಸೈಲೆನ್ಸರಿನಿಂದಲೋ ಕರ್ಪೂರದಿಂದಲೋ ನಾನು ಹೇಳಲಾರೆ. ಭಗ್ ಎಂದದ್ದು ಕೇಳಿತು. ಹೂಮಾಲೆ ಉರಿಯಿತು, ಡ್ರೈವರನ ತೋಳು ಉರಿಯಿತು. ಡಬ್ಬಿ ಇನ್ನೂ ಅವನ ಕೈಯಲ್ಲೇ ಇತ್ತು.

ಜನ ಚಪ್ಪರ ಬಿಟ್ಟು ಓಡಿದರು. ಒಬ್ಬರು ಕೊಡದಲ್ಲಿ ನೀರು ತಂದರು. "ನೀರ ಬ್ಯಾಡ!" ಎಂದು ಸಾಹೇಬರು ಕೂಗಿದ್ದೇ ಆ ಹೊತ್ತಿನ ಒಂದೇ ಸ್ಪಷ್ಟ ಮಾತು. ಡ್ರೈವರನ ಕೈಯ ಡಬ್ಬಿಯನ್ನು ಬರಿಗೈಯಿಂದ ಕಿತ್ತು ದೂರ ಎಸೆದರು. ಒಂದು ಚೀಲವನ್ನು ಅವನ ತೋಳಿಗೆ ಸುತ್ತಿದರು, ಇನ್ನೊಂದನ್ನು ಟ್ಯಾಂಕಿನ ಮೇಲೆ ಹೊದಿಸಿ ಉಸುಕು ಸುರಿದರು. ಬೆಂಕಿ ಆರಿತು. ಡ್ರೈವರು ಬದುಕಿಕೊಂಡ. ಸಾಹೇಬರ ಎರಡೂ ಅಂಗೈ ಸುಲಿದಿದ್ದವು.

ಸಂಜೆಯೇ ಕ್ಲಬ್ಬಿನ ಸಭೆ ಸೇರಿತು. ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಪೆಟ್ರೋಲಿನ ಕೀಲಿ ಯಾರ ಕೈಯಲ್ಲಿತ್ತು? ಅಲ್ಲಿಗೆ ತೀರ್ಮಾನವಾಯಿತು. ಆರತಿ, ರಾಹುಕಾಲ, ಅಳಿಯಂದಿರ ಸುತ್ತಾಟ ಯಾವುದೂ ಸಭೆಯಲ್ಲಿ ಬರಲಿಲ್ಲ. ಕಾರ್ಯದರ್ಶಿ ಸ್ಥಾನ ಹೋಯಿತು. "ಅವನ ಕೈಯಾಗ ಬೆಂಕಿ ಐತಿ" ಎಂಬ ಮಾತು ರಾತ್ರಿಯೊಳಗೆ ಊರೆಲ್ಲ ಹಬ್ಬಿತು.

ಮರುದಿನ ವಿಜಯದಶಮಿ. ಸಂಜೆ ಜನ ಮನೆಮನೆಗೆ ಬನ್ನಿ ಕೊಡುತ್ತ ನಮ್ಮ ಸಾಲಿಗೂ ಬಂದರು. ಅವರ ಬಾಗಿಲು ದಾಟಿ ಮುಂದಿನ ಮನೆಗೆ ಹೋದರು. ಸಾಹೇಬರು ಕಟ್ಟೆಯ ಮೇಲೆ ಕೂತಿದ್ದರು, ಬ್ಯಾಂಡೇಜಿನ ಕೈಗಳು ತೊಡೆಯ ಮೇಲೆ, ಪಕ್ಕದ ತಾಟಿನಲ್ಲಿ ಬನ್ನಿ ಎಲೆ. ನಾನು ಹೋದೆ.

"ಬರ್ರಿ, ಕುಂದ್ರಿ," ಅಂದರು. "ಪೇಪರ್‌ಗೆ ಬರೀತೀರೇನು?"

"ಬರೀತೇನ್ರಿ. ನೋಡಿದ್ದನ್ನ ನೋಡಿದಂಗ."

ಸಾಹೇಬರು ತಮ್ಮ ಬ್ಯಾಂಡೇಜಿನ ಕೈ ನೋಡಿಕೊಂಡರು.

"ಅಕಿ ಸ್ಟೋವೂ ಹಿಂಗ ಹತ್ಕೊಂಡಿದ್ದು. ತಡಿ, ಆರಲಿ ಅಂತ ಬಚ್ಚಲದಾಗಿಂದ ಒದರಿದೆ... ಬೀಗರು ಬರಾವ್ರಿದ್ರು, ಗಡಿಬಿಡಿ ಅಕಿಗೆ. ಈಗ ನೀವು ಕಣ್ಣಾರೆ ನೋಡೀರಿ. ಈಗರೆ ನಂಬತೀರಲ್ಲ?"

"ಕ್ಲಬ್ಬಿಂದು ನೋಡೇನ್ರಿ, ಸಾಹೇಬ್ರ."

ಅವರು ತಲೆಯಾಡಿಸಿದರು. ಸಿಟ್ಟಾಗಲಿಲ್ಲ. "ಖರೇ ಐತಿ. ನೋಡಿದ್ದಷ್ಟ ಬರೀರಿ. ಅಷ್ಟರೆ ಬರಲಿ."

ನಾನು ಕೊಟ್ಟ ಬನ್ನಿಯನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಹಣೆಗೆ ಒತ್ತಿಕೊಂಡರು.

ಅಷ್ಟೂ ಬರಲಿಲ್ಲ. ಹಬ್ಬದ ರಜೆ ಮುಗಿದು ಪತ್ರಿಕೆ ಬಂದಾಗ ಒಳಪುಟದಲ್ಲಿ ನಾಲ್ಕು ಸಾಲಿತ್ತು: ಕಾರ್ಯದರ್ಶಿಯ ಅಜಾಗರೂಕತೆಯಿಂದ ಕ್ಲಬ್ಬಿನಲ್ಲಿ ಬೆಂಕಿ, ಅಧ್ಯಕ್ಷರ ಸಮಯಪ್ರಜ್ಞೆಯಿಂದ ತಪ್ಪಿದ ಅನಾಹುತ. ಅಧ್ಯಕ್ಷರ ಫೋನು ನನ್ನ ವರದಿಗಿಂತ ಮೊದಲೇ ಹುಬ್ಬಳ್ಳಿ ಮುಟ್ಟಿತ್ತು. ನಾನು ಕೇಳಿದ್ದಕ್ಕೆ ಡೆಸ್ಕಿನವರು ಜಾಗ ಇರಲಿಲ್ಲ ಅಂದರು. ತಿದ್ದುಪಡಿ ಕಳಿಸಿದೆ. ಅದಕ್ಕೂ ಜಾಗ ಸಿಗಲಿಲ್ಲ.

ಆ ತಿಂಗಳೇ ಅವರು ಮನೆ ಖಾಲಿ ಮಾಡಿ ಬ್ಯಾಡಗಿಗೆ, ತಂಗಿಯ ಮನೆಗೆ ಹೋದರು. ಕ್ಲಬ್ಬಿನ ಶೆಡ್ಡಿನ ಗೋಡೆಯ ಮೇಲೆ ಹೊಸ ಬರಹ ಬಂತು: ಎಂಜಿನ್ ಪೂರ್ತಿ ಆರಿದ ಮೇಲೆಯೇ ಪೆಟ್ರೋಲ್ ಹಾಕತಕ್ಕದ್ದು. ಕೆಳಗೆ, ಅಧ್ಯಕ್ಷರ ಅಪ್ಪಣೆ ಮೇರೆಗೆ.

ಕೆಲವು ವರ್ಷಗಳ ಮೇಲೆ ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರುಕಟ್ಟೆಯ ಸುದ್ದಿಗೆಂದು ಬ್ಯಾಡಗಿಗೆ ಹೋದಾಗ ಆ ಮನೆ ಹುಡುಕಿದೆ. ಬೀದಿಯ ಘಾಟಿಗೆ ಕಣ್ಣು ಉರಿಯುತ್ತಿತ್ತು. ತಂಗಿ ಬಾಗಿಲಲ್ಲೇ ಹೇಳಿದರು, ಅಣ್ಣ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡ ಎಂದು. ಕೈ ಮಾಯ್ದಿದ್ದವಂತೆ, ಬೆರಳು ಮಾತ್ರ ಮಡಚುತ್ತಿರಲಿಲ್ಲ.

"ಪೇಪರ್‌ನಾವ್ರು ನೀವ ಏನ್ರಿ?" ಎಂದು ನನ್ನ ಮುಖ ನೋಡಿದರು. "ನೀವು ಏನೋ ಬರದು ಕಳಿಸೀರಿ ಅಂತಿದ್ದ. ಕಡೀತನಕ ದಿನಾ ಪೇಪರ್ ಹಾಳಿ ಹಾಳಿ ತಿರುವಿ ಹಾಕಿಸ್ಕೊಂಡು ನೋಡ್ತಿದ್ದ. ಇವತ್ತರೆ ಬಂದೈತೇನು ಅಂತ."

...ಬೇಲಿಯ ಈಚೆಯಿಂದ ನಾನು ಆ ಮನುಷ್ಯನಿಗೆ ಕೂಗಿ ಹೇಳಿದೆ, "ಸ್ವಲ್ಪ ಆರಲಿ ಬಿಡ್ರಿ. ಒಂದು ಚಹಾ ಕುಡದು ಬಂದು ಹಾಕ್ರಿ."

"ಏನಾಗತೈತ್ರಿ ಕಾಕಾರ? ದಿನಾ ಹಿಂಗ ಹಾಕತೇನಿ!" ಎಂದು ನಕ್ಕು, ಸುರಿದು, ಮುಚ್ಚಳ ಬಿಗಿದು, ಹತ್ತಿ ಕೂತು ಹೊರಟೇಬಿಟ್ಟ.

ಏನೂ ಆಗಲಿಲ್ಲ. ಹೆಚ್ಚಿನ ದಿನ ಏನೂ ಆಗುವುದಿಲ್ಲ. ಆ ದಿನಗಳೇ ಓವರ್‌ಸೀಯರ್ ಸಾಹೇಬರ ವಿರುದ್ಧ ಸಾಕ್ಷಿ ಹೇಳಿದವು. ಅವರ ಪರವಾಗಿದ್ದದ್ದು ಎರಡೇ ಬೆಂಕಿ. ಒಂದನ್ನು ಊರೆಲ್ಲ ನೋಡಿತ್ತು, ನೋಡಿಲ್ಲವೆಂದಿತು. ಇನ್ನೊಂದನ್ನು ಯಾರೂ ನೋಡಿರಲಿಲ್ಲ.

ಹಾವೇರಿಯ ಆ ಅಡುಗೆಮನೆಯಲ್ಲಿ ನಾನಿರಲಿಲ್ಲ. ಇವತ್ತು ಅವರು ಕೇಳಿದರೂ ಅದೇ ಉತ್ತರ ಕೊಡಬೇಕಾಗುತ್ತದೆ. ಕೇಳುವುದಕ್ಕೆ ಅವರಿಲ್ಲ.