ಜೋಡುನಳಿಗೆ ಕೋವಿ

ಬಸ್ಸು ತಪ್ಪಿದರೂ ಫ್ಯೂಸ್ ಸುಟ್ಟರೂ ಅವನ ಮಾತು ಒಂದೇ: "ಇನ್ನೊಂದು ಉಂಟಲ್ಲ ಮಾರಾಯ." ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿತ್ತು.

ಗಲ್ಫಿನ ಬಿನ್ ಒಮ್ರಾನಿನಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಎ.ಸಿ. ಮೆಕ್ಯಾನಿಕ್ ಅವನು, ಕೊಡಗಿನವನು. ಊರಿನಲ್ಲಿ ಹೆಂಡತಿ ಒಬ್ಬಳೇ. ಪಕ್ಕದ ತೋಟದ ಮನೆಗೆ ಕಳ್ಳರು ನುಗ್ಗಿದ ಸುದ್ದಿ ಬಂದ ಮೇಲೆ ಅವಳಿಗೊಂದು ಕೋವಿ ಕೊಡಿಸುವುದು ಬಿಟ್ಟು ಅವನಿಗೆ ಬೇರೆ ಯೋಚನೆಯೇ ಇರಲಿಲ್ಲ. ತಾಮ್ರದ ಪೈಪನ್ನು ಭುಜಕ್ಕೊತ್ತಿ ರೂಮಿನ ಬಾಗಿಲಿಗೆ ಗುರಿಯಿಡುತ್ತಿದ್ದ.

"ರೈಫಲ್ಲಿನ ಗುಂಡು ಗೋಡೆ ದಾಟಿ ಹೋಗ್ತದೆ. ಪಿಸ್ತೂಲು ಹೆದರಿದ ಕೈಯಲ್ಲಿ ನಿಲ್ಲೂದಿಲ್ಲ. ಜೋಡುನಳಿಗೆಯೇ ಸರಿ. ಒಂದು ಗುಂಡು ತಪ್ಪಿದ್ರೂ ಇನ್ನೊಂದು ಉಂಟಲ್ಲ."

ಹೆಂಡತಿಯ ಜೊತೆ ಕೊಡವ ಭಾಷೆಯಲ್ಲಿ ಮಾತಾಡುತ್ತಿದ್ದ. ಅವಳು ಏನಂತಾಳೆ ಎಂದು ಒಮ್ಮೆ ಕೇಳಿದೆ.

"ಕೋವಿ ಬೇಡವಂತೆ, ನಾನೇ ಬರಬೇಕಂತೆ," ಎಂದು ನಕ್ಕ. "ಈ ಕಾಂಟ್ರಾಕ್ಟ್ ಮುಗೀಲಿ, ಆಮೇಲೆ ಖಲಾಸ್."

ಕೊನೆಗೆ ತನ್ನ ಅಣ್ಣನ ಮನೆಯ ಜೋಡುನಳಿಗೆಯನ್ನು ತರಿಸಿ ಅವಳ ಮಂಚದ ಪಕ್ಕ ಇಡಿಸಿದ. ಅವತ್ತು ನೆಮ್ಮದಿಯಿಂದ ಊಟ ಮಾಡಿದ.

ಒಂದು ಶುಕ್ರವಾರ ಬೆಳಿಗ್ಗೆ ಅಣ್ಣನ ಫೋನ್ ಬಂತು. ಕಳ್ಳರು ಬಂದಿರಲಿಲ್ಲ. ಎದೆನೋವು ಬಂದಿತ್ತು. ಹಾಲಿನವನು ಬಂದು ನೋಡುವಾಗ ಅವಳು ತಣ್ಣಗಾಗಿದ್ದಳು.

ಕೊಡವರಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಅಣ್ಣ ಫೋನನ್ನು ಜಗಲಿಯಲ್ಲಿಟ್ಟು, ಮಂಚದ ಪಕ್ಕದ ಆ ಕೋವಿಯನ್ನೇ ಅಂಗಳಕ್ಕೆ ಒಯ್ದ. ಇಲ್ಲಿ ಇವನು ಫೋನನ್ನು ಕಿವಿಗೊತ್ತಿ ನಿಂತಿದ್ದ. ಒಂದು ಗುಂಡಿನ ಸದ್ದು ನನಗೂ ಕೇಳಿಸಿತು. ಸಾಕು, ಫೋನ್ ಕೊಡು ಎಂದು ಕೈ ಚಾಚಿದೆ.

"ಇರು," ಎಂದ, "ಇನ್ನೊಂದು ಉಂಟಲ್ಲ."