ಔಷಧಿ ಬರೆಯುವುದು ಬಿಟ್ಟು ಹಾಸಿಗೆ ಪಕ್ಕಕ್ಕೆ ಬಂದ ಕ್ಲಾರಿಸ್

ಡಿಸೆಂಬರ್ ತಿಂಗಳ ಕೊನೆಯ ಬೆಳಗು. ಅಮೆರಿಕದ ಮೇನ್ ರಾಜ್ಯದ ಉತ್ತರ ತುದಿಯಲ್ಲಿ ಸೇಂಟ್ ಜಾನ್ ನದಿ ಹೆಪ್ಪುಗಟ್ಟಿದೆ, ಆಚೆ ದಡದ ಕೆನಡಾದ ದೀಪಗಳು ಇನ್ನೂ ಆರಿಲ್ಲ. ಊರ ಆಸ್ಪತ್ರೆಯ ವಾರ್ಡಿನಲ್ಲಿ ಕ್ಲಾರಿಸ್ ಊಲೆಟ್ ಬಿಸಿನೀರಿನ ಬೇಸಿನ್ ಇಟ್ಟುಕೊಂಡು ಲಿಯೊನಾರ್ಡ್ ಡೇಗಲ್ ಅವರ ಕಾಲು ತೊಳೆಯುತ್ತಿದ್ದಾರೆ. ಲಿಯೊನಾರ್ಡ್ ಎಂಬತ್ತು ದಾಟಿದ ಆಲೂಗಡ್ಡೆ ರೈತ. ಹೃದಯ ಸೋತು ಕಾಲು ಬಾತಿದೆ, ನಾಲಿಗೆ ಮಾತ್ರ ಚುರುಕಾಗಿಯೇ ಇದೆ.

"ನಿಮ್ಮಪ್ಪ ಬೆಳೀತಿದ್ದ ಆಲೂಗಡ್ಡೆ ಗೋಲಿ ಗಾತ್ರ ಇರ್ತಿತ್ತು ಕಣಮ್ಮ" ಎಂದು ಕೆಣಕುತ್ತಾರೆ.

"ಗೋಲಿ ಗಾತ್ರ ಇದ್ರೂ ನಿಮ್ಮದರ ಹಾಗೆ ಕೊಳೀತಿರಲಿಲ್ಲ ಬಿಡಿ."

ನಗಲು ಹೋದ ಮುದುಕರಿಗೆ ಉಸಿರು ಸಾಲುವುದಿಲ್ಲ. ಕ್ಲಾರಿಸ್ ಟವೆಲ್ ಪಕ್ಕಕ್ಕಿಟ್ಟು ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ನಿನ್ನೆಗಿಂತ ಆಳವಾಗಿ ಗುಳಿ ಬೀಳುತ್ತದೆ, ಮೈಯಲ್ಲಿ ನೀರು ಹೆಚ್ಚಿದೆ. ಯಾವ ಔಷಧಿ, ಎಷ್ಟು ಕೊಡಬೇಕು ಎಂಬುದು ಅವರಿಗೆ ಗೊತ್ತು. ಆದರೂ ಫೋನ್ ಎತ್ತಿಕೊಂಡು ಡಾಕ್ಟರ್ ಗೋವಿನ್ ಅವರಿಗೆ ಕಂಡದ್ದನ್ನೆಲ್ಲ ಹೇಳಿ, ಉತ್ತರಕ್ಕೆ ಕಾಯುತ್ತಾರೆ. ನಾನು ಏನು ಹೇಳ್ತೀನಿ ಅಂತ ನಿನಗೇ ಗೊತ್ತಲ್ಲ, ಮತ್ಯಾಕೆ ಕೇಳ್ತೀಯ ಎಂದು ಆ ಕಡೆಯಿಂದ ಛೇಡಿಸುವ ದನಿ. "ನೀವೇ ಹೇಳಿ ಡಾಕ್ಟ್ರೇ, ನಾನು ಕೇಳಿಸ್ಕೊಳ್ತೀನಿ" ಎನ್ನುತ್ತಾರೆ ಕ್ಲಾರಿಸ್.

ಐದು ವರ್ಷದ ಹಿಂದೆ ಅವರು ಹೀಗೆ ಯಾರನ್ನೂ ಕೇಳಬೇಕಿರಲಿಲ್ಲ. ಆಗ ಅವರು ಇದೇ ಗೋವಿನ್ ಅವರ ಕ್ಲಿನಿಕ್ಕಿನಲ್ಲಿ ಫಿಜಿಶಿಯನ್ ಅಸಿಸ್ಟೆಂಟ್. ಡಾಕ್ಟರರ ಜೊತೆಗಿದ್ದು ತಾವೇ ರೋಗಿಯನ್ನು ಪರೀಕ್ಷಿಸಿ, ಕಾಯಿಲೆ ಗುರುತಿಸಿ, ಔಷಧಿ ಬರೆಯುವ ಕೆಲಸ. ಡಾಕ್ಟರರೇ ಅಪರೂಪವಾದ ಈ ಕಣಿವೆಯಲ್ಲಿ ಅಂಥವರೆಂದರೆ ಡಾಕ್ಟರೇ ಸರಿ. ಅದನ್ನು ಬಿಟ್ಟು ನರ್ಸಿಂಗ್ ಓದಲು ಹೊರಟಾಗ ಊರವರು ಮೂಗು ಮುರಿದರು. ಕುದುರೆ ಇಳಿದು ಕತ್ತೆ ಹತ್ತುವವರನ್ನು ಯಾರು ತಾನೇ ಹೊಗಳುತ್ತಾರೆ? ತಾಯಿ ಜೆರಾಲ್ಡೀನ್ ಚರ್ಚಿನಲ್ಲಿ ಮಗಳ ಸುದ್ದಿ ಎತ್ತುವುದನ್ನೇ ಬಿಟ್ಟರು. ಗಂಡ ರೋಲಾಂಡ್ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಾರೆ. ಅವರದು ಬೇರೆಯೇ ದೂರು: "ಆಸ್ಪತ್ರೇಲಿ ಆರ್ಡರ್ ಕೊಡೋ ಅಧಿಕಾರ ಹೋಯ್ತಲ್ಲ, ಅದನ್ನೆಲ್ಲ ಈಗ ಮನೇಲಿ ತೀರಿಸ್ಕೊಳ್ತಾಳೆ."

ಇಷ್ಟಕ್ಕೆಲ್ಲ ಕಾರಣ ಅಪ್ಪ ನಾರ್ಮಂಡ್ ಅವರ ಕೊನೆಯ ದಿನಗಳು. ಅವರು ಮಲಗಿದ್ದು ಇದೇ ವಾರ್ಡಿನಲ್ಲಿ. ಕ್ಲಾರಿಸ್ ದಿನವೂ ಕ್ಲಿನಿಕ್ಕಿನಿಂದ ಓಡಿ ಬಂದು ರಕ್ತಪರೀಕ್ಷೆಯ ಅಂಕಿಗಳನ್ನು ಓದಿ, ಡಾಕ್ಟರರ ಜೊತೆ ಚರ್ಚಿಸಿ, ಮತ್ತೆ ಓಡುತ್ತಿದ್ದರು. ಅಪ್ಪ ಏನೂ ತಿನ್ನುತ್ತಿಲ್ಲವೆಂದು ಹಸಿವಿನ ಔಷಧಿ ಹುಡುಕಿದ್ದೂ ಅವರೇ. ಹಿರಿಯ ನರ್ಸ್ ವರ್ನಾ ಪ್ಲೂರ್ಡ್ ಮಾತ್ರ ಒಂದು ಬೆಳಿಗ್ಗೆ ಮನೆಯಿಂದ ಪ್ಲೋಯ್ ಮಾಡಿ ತಂದರು. ಬಕ್‌ವೀಟ್ ಹಿಟ್ಟನ್ನು ಒಂದೇ ಮಗ್ಗುಲು ಬೇಯಿಸಿದ, ಇಲ್ಲಿನವರ ದೋಸೆ ಅದು. ಕಾಕಂಬಿ ಸವರಿ, ಸುರುಳಿ ಸುತ್ತಿ ಕೈಗಿಟ್ಟರೆ ಅಪ್ಪ ಎರಡು ತಿಂದರು.

"ಅಪ್ಪನ ಕಿಡ್ನಿ ಹೇಗಿದೆ ಅಂತ ನನಗೆ ಗೊತ್ತಿತ್ತು. ಅವರಿಗೆ ಏನು ಬೇಕು ಅಂತ ವರ್ನಾಗೆ ಗೊತ್ತಿತ್ತು" ಎನ್ನುವಾಗ ಕ್ಲಾರಿಸ್ ಅವರ ಕಣ್ಣು ತುಂಬುತ್ತದೆ, ಮರೆಮಾಚಲು ಹೋಗುವುದಿಲ್ಲ. "ಬೇಜಾರಾಗ್ಲಿಲ್ಲ. ಹೊಟ್ಟೆಕಿಚ್ಚಾಯ್ತು. ನನಗೂ ಆ ಕೆಲಸ ಬೇಕು ಅನ್ನಿಸ್ತು."

ನರ್ಸಿಂಗ್ ಕಾಲೇಜಿನಲ್ಲಿ ಹಳೆಯ ಓದು ಹೆಚ್ಚೇನೂ ಲೆಕ್ಕಕ್ಕೆ ಬರಲಿಲ್ಲ. ಮಕ್ಕಳ ವಯಸ್ಸಿನವರ ನಡುವೆ ಕೂತು, ರೋಗಿಯನ್ನು ಎಬ್ಬಿಸದೆ ಹಾಸಿಗೆ ಬಟ್ಟೆ ಬದಲಿಸುವುದನ್ನು ಕಲಿತರು. ಮೊದಲ ಪರೀಕ್ಷೆಯಲ್ಲಿ ಫೇಲಾದದ್ದೂ ಅದರಲ್ಲೇ.

ನಿಜವಾದ ಪೆಟ್ಟು ಬಿದ್ದದ್ದು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ. ಒಬ್ಬ ಅಜ್ಜಿಯ ರಕ್ತದೊತ್ತಡ ಸರ್ರನೆ ಇಳಿಯಿತು. ಕ್ಲಾರಿಸ್ ಯಾರನ್ನೂ ಕೇಳದೆ ಸಲೈನ್ ಬಾಟಲಿ ಏರಿಸಿದರು. ಕೈಗೆ ಹಳೆಯ ಚಾಳಿ. ಅದೇ ಹೊತ್ತಿಗೆ ಇನ್ನೊಬ್ಬ ನರ್ಸ್ ಡಾಕ್ಟರರಿಗೆ ಫೋನ್ ಮಾಡಿದ್ದಳು, ಅವರೂ ಸಲೈನ್ ಹೇಳಿದ್ದರು. ವಿಷಯ ತಿಳಿಯದ ಆಕೆ ಎರಡನೆಯ ಬಾಟಲಿ ಹಿಡಿದು ಬಂದಳು. ಅಷ್ಟು ನೀರನ್ನು ಆ ದುರ್ಬಲ ಹೃದಯ ತಡೆಯುತ್ತಿರಲಿಲ್ಲ. ಬಾಗಿಲಲ್ಲಿ ವರ್ನಾ ತಡೆದದ್ದರಿಂದ ಅಜ್ಜಿ ಉಳಿದರು.

"ನೀನು ಮಾಡಿದ್ದು ಸರೀನೇ ಇರಬಹುದು. ಅದನ್ನ ಮಾಡಬೇಕಾದೋಳು ನೀನಲ್ಲ" ಎಂದರು ವರ್ನಾ. ಕ್ಲಾರಿಸ್ ತಾವೇ ಹೋಗಿ ಮೇಲಿನವರಿಗೆ ತಪ್ಪು ಒಪ್ಪಿಸಿದರು. ನರ್ಸಿಂಗ್ ಲೈಸೆನ್ಸ್ ಹೋಗುವುದೊಂದು ಬಾಕಿ ಇತ್ತು, ಎಚ್ಚರಿಕೆಯಲ್ಲಿ ಮುಗಿಯಿತು.

ಇಷ್ಟಾದರೂ ಹಳೆಯ ವೃತ್ತಿಯ ಅರ್ಹತೆಯನ್ನು ಅವರು ಕೈಬಿಟ್ಟಿರಲಿಲ್ಲ. ಅದರ ಅವಧಿ ಇವತ್ತು ರಾತ್ರಿಗೆ ಮುಗಿಯುತ್ತದೆ. ನವೀಕರಿಸದಿದ್ದರೆ ಮತ್ತೆ ಪರೀಕ್ಷೆ ಬರೆಯದೆ ಹಿಂತಿರುಗುವಂತಿಲ್ಲ. ಬೇಸಿಗೆಯಿಂದ ಗೋವಿನ್ ಅವರ ಕ್ಲಿನಿಕ್ಕಿನ ಆ ಕುರ್ಚಿ ಖಾಲಿ ಬಿದ್ದಿದೆ, ಜನ ಎರಡು ತಾಸು ಕಾರು ಓಡಿಸಿಕೊಂಡು ಬೇರೆ ಊರಿಗೆ ಹೋಗುತ್ತಿದ್ದಾರೆ. ವಾಪಸು ಬಾ ಎಂದು ಗೋವಿನ್ ಮೂರು ಸಲ ಮನೆಗೇ ಬಂದು ಕೇಳಿದ್ದಾರೆ. ಬರದಿದ್ದರೂ ಅರ್ಹತೆ ಉಳಿಸಿಕೊಂಡಿರು, ಅದೇನು ಅನ್ನ ಕೇಳುತ್ತದೆಯೇ ಎಂಬುದು ತಾಯಿಯ ವಾದ.

ಕ್ಲಾರಿಸ್ ನವೀಕರಿಸಿಲ್ಲ. ನವೀಕರಿಸುವುದೂ ಇಲ್ಲ.

"ಅಲ್ಲಿ ಜನ ಬೇಕು, ಸುಳ್ಳಲ್ಲ. ಆದ್ರೆ ಇಲ್ಲೂ ನರ್ಸ್ ಇಲ್ದೆ ಎರಡು ಹಾಸಿಗೆ ಮುಚ್ಚಿದ್ದಾರೆ. ಎರಡು ದೋಣಿ ಮೇಲೆ ಕಾಲಿಟ್ರೆ ಮುಳುಗೋದು ನಾನೊಬ್ಬಳೇ ಅಲ್ಲ, ಆ ಅಜ್ಜಿ ವಿಷಯದಲ್ಲಿ ನೋಡಿದ್ನಲ್ಲ. ಹಿಂದಕ್ಕೆ ಹೋಗೋ ಬಾಗಿಲು ತೆರೆದಿರೋವರೆಗೂ ಈ ಕೈ ಔಷಧಿ ಬರೆಯೋಕೇ ಹೋಗುತ್ತೆ."

ಇಳಿದು ಬಂದೆ ಅನ್ನಿಸುವುದಿಲ್ಲವೇ ಎಂದರೆ ನಗುತ್ತಾರೆ. "ನಾನು ಇಳಿದಿಲ್ಲ. ಹತ್ರ ಬಂದೆ."

ಅಷ್ಟರಲ್ಲಿ ವಾರ್ಡಿನ ಬಾಗಿಲು ತಳ್ಳಿಕೊಂಡು ಲಿಯೊನಾರ್ಡ್ ಅವರ ಮಗಳು ಸೂಜೆಟ್ ಬರುತ್ತಾರೆ. ಕನೆಟಿಕಟ್‌ನಿಂದ ಹಿಮದಲ್ಲಿ ಕಾರು ಓಡಿಸಿಕೊಂಡು ಬಂದವರು, ಟೋಪಿಯನ್ನೂ ತೆಗೆದಿಲ್ಲ. ಅಪ್ಪನ ಮುಖ ನೋಡಿದ್ದೇ ಗಾಬರಿ ಕೋಪಕ್ಕೆ ತಿರುಗುತ್ತದೆ. ನರ್ಸ್ ಜೊತೆ ಮಾತಾಡಿ ಏನು ಪ್ರಯೋಜನ, ಇಲ್ಲಿ ತೀರ್ಮಾನ ಮಾಡುವವರು ಯಾರಿದ್ದಾರೋ ಅವರನ್ನು ಕರೆಯಿರಿ ಎನ್ನುತ್ತಾರೆ. ಕೌಂಟರಿನ ಹಿಂದೆ ವರ್ನಾ ತಲೆ ಎತ್ತುತ್ತಾರೆ. ನಾನು ಯಾರು ಗೊತ್ತೇ ಎಂದು ಕೇಳಲು ಕ್ಲಾರಿಸ್ ಅವರಿಗೆ ಇವತ್ತು ರಾತ್ರಿಯವರೆಗೆ ಹಕ್ಕಿದೆ.

ಅವರು ಕುರ್ಚಿಯೊಂದನ್ನು ಎಳೆದು ಮುದುಕರ ಬಲಗೈ ಬದಿಗೆ ಹಾಕುತ್ತಾರೆ.

"ತೀರ್ಮಾನ ಮಾಡೋರು ಒಂಬತ್ತು ಗಂಟೆಗೆ ಬರ್ತಾರೆ. ಕೋಟ್ ಬಿಚ್ಚಿ ಕೂತ್ಕೊಳ್ಳಿ, ಅಪ್ಪನ ಕೈ ಹಿಡ್ಕೊಳ್ಳಿ. ಡಾಕ್ಟ್ರು ಬಂದು ಹೋಗ್ತಾರೆ. ನಾನು ಇಲ್ಲೇ ಇರ್ತೀನಿ."