ಕೆಮ್ಮು ಬಂದರೆ ಕೈ ಎತ್ತಿ

ವರ್ಗವಾಗಿ ಬಂದು ಬ್ಯಾಡಗಿಯಲ್ಲಿ ರೈಲು ಇಳಿದ ಕೂಡಲೇ ಕಣ್ಣಲ್ಲಿ ನೀರು ಬಂತು. ಊರು ಬಿಟ್ಟ ದುಃಖ ಎಂದು ಬರೆಯಬಹುದಿತ್ತು. ಅಲ್ಲ, ಮೆಣಸಿನಕಾಯಿಯ ಘಾಟು. ಮೈಸೂರಿನಲ್ಲಿ ಒಗ್ಗರಣೆ ಸೀದರೆ ಕಿಟಕಿ ತೆರೆಯುತ್ತೇವೆ. ಇಲ್ಲಿ ಸುಗ್ಗಿಯಲ್ಲಿ ಕಿಟಕಿ ಮುಚ್ಚುತ್ತಾರೆ. ಅಲ್ಲಿ ಶಾಲೆಯ ಮಕ್ಕಳಿಗೆ ನಾನು ಮಿಸ್, ಇಲ್ಲಿ ಅಕ್ಕೋರು. ಗಂಡ, ಮಗಳು ಅಲ್ಲೇ ಉಳಿದರು.

ಎರಡನೆಯ ವರ್ಷ ಹಾವೇರಿಯಲ್ಲಿ ಮಾಡಿಸಿದ ತಪಾಸಣೆಯಲ್ಲಿ, ಮುಂದೆ ಕ್ಯಾನ್ಸರ್ ಆಗಬಹುದಾದ ಜೀವಕೋಶಗಳು ಗರ್ಭಕೋಶದ ಕೊರಳಿನಲ್ಲಿ ಕಂಡವು. ನಾನು ಹೆದರಲಿಲ್ಲ. ಈ ವಾಕ್ಯ ಓದಲು ಚೆನ್ನಾಗಿದೆ, ಅಷ್ಟೇ. ಬಸ್ಸು ಮೋಟೆಬೆನ್ನೂರು ದಾಟಿದ ಮೇಲೆ ನೋಡಿದೆ, ವರದಿಯನ್ನು ತಲೆಕೆಳಗಾಗಿ ಹಿಡಿದಿದ್ದೆ.

ಮನೆಯೊಡತಿ ಗಂಗವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ತೀರ್ಪು ಕೊಟ್ಟರು. "ಗರ್ಭಚೀಲಾನ ತಗಸಿಬಿಡ್ರಿ ಅಕ್ಕೋರ. ಮಗಳ ಅದಾಳ, ಇನ್ನ ಅದರದೇನ ಕೆಲಸ?"

"ಕೆಲಸ ಇದ್ರೂ ಇಲ್ದಿದ್ರೂ ಅದು ನಂದು," ಎಂದೆ.

ಕೆಟ್ಟ ಭಾಗವನ್ನಷ್ಟೇ ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ತೆಗೆಯಬಹುದು ಎಂದಿದ್ದರು ಹಾವೇರಿಯ ಡಾಕ್ಟರು. ಆದರೆ ಅದು ಒಂದೇ ತುಂಡಾಗಿ ಬರಬೇಕು. ಚೂರಾದರೆ ಅಂಚಿನಲ್ಲಿ ರೋಗ ಉಳಿದಿದೆಯೋ ಇಲ್ಲವೋ ಲ್ಯಾಬಿನವರಿಗೆ ತಿಳಿಯುವುದಿಲ್ಲ. ಬ್ಯಾಡಗಿಯಿಂದ ಬಂದವರು ನಡುವೆ ಕೆಮ್ಮಿದರೆ ತಂತಿ ಅಲುಗುತ್ತದೆಂದು ಡಾಕ್ಟರು ಹೊಸ ಕ್ರಮ ಮಾಡಿದ್ದರು: ಘಾಟಿನಿಂದ ದೂರ, ಎರಡು ದಿನ ಮೊದಲೇ ಹಾವೇರಿಗೆ ಬಂದಿರಬೇಕು. ಹಾವೇರಿಯಲ್ಲಿ ನನಗೆ ಯಾರಿದ್ದರು? ಅದನ್ನೂ ಗಂಗವ್ವನಿಗೆ ಹೇಳಿದೆ.

"ನಿಮ್ಮದ ಅಂದಮ್ಯಾಲ ಮುಗೀತು. ಹಾವೇರಿಗೆ ನಮ್ಮ ತಂಗಿ ಮನಿಗೆ ಹೋಗೂಣು ನಡೀರಿ," ಎಂದರು ಗಂಗವ್ವ.

ತಂಗಿಯ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಒಂದು ಗಂಟು ಮೆಣಸಿನಕಾಯಿ ಹೊತ್ತು ತಂದರು. ತಂಗಿ ಅದನ್ನು ಅಂದೇ ಹುರಿದರು. ಇಬ್ಬರಿಗೂ ಏನೂ ಅನ್ನಿಸಲಿಲ್ಲ; ನಾನೊಬ್ಬಳೇ ಕೆಮ್ಮಿದೆ.

ಆಪರೇಷನ್ ಟೇಬಲ್ಲಿನ ಮೇಲೂ ಗಂಟಲು ಕೆರೆಯುತ್ತಿತ್ತು; ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟಿದ್ದರಿಂದ ಎಚ್ಚರವಿದ್ದೆ. "ಕೆಮ್ಮ ಬಂದ್ರ ತಡೀಬ್ಯಾಡ್ರಿ, ಕೈ ಎತ್ರಿ. ನಾ ನಿಲ್ಲತೇನಿ," ಎಂದರು ಡಾಕ್ಟರು. ತಂತಿ ಹತ್ತಿರ ಬಂದಾಗಲೇ ಕೈ ಎತ್ತಿದೆ. ಅವರು ನಿಂತರು. ನಾನು ಮನಸಾರೆ ಕೆಮ್ಮಿದೆ. ಆಮೇಲೆ ಒಂದೇ ಎಳೆತ. "ಇಡಿಯಾಗಿ ಬಂತು ನೋಡ್ರಿ."

ಅಂಚು ಶುದ್ಧವಾಗಿದೆ ಎಂದು ಹುಬ್ಬಳ್ಳಿಯ ಲ್ಯಾಬಿನಿಂದ ವರದಿ ಬಂತು. ಗಂಗವ್ವ ಓದಿಸಿಕೊಂಡು, ತಮ್ಮ ಮೆಣಸಿನಕಾಯಿಯಿಂದ ನಾನು ಕೆಮ್ಮಿದ ಸುದ್ದಿಯನ್ನೇ ಎತ್ತದೆ, ತಂಗಿಗೆ ಫೋನು ಹಚ್ಚಿದರು.

ವರ್ಗಾವಣೆ ಕೇಳು ಎಂದು ಅಮ್ಮ ಈಗಲೂ ಹೇಳುತ್ತಾರೆ. ಕೇಳಿಲ್ಲ. ರಜೆಗೆ ಹೋದರೆ ನನ್ನ ಸಾರು ಖಾರವಾಯಿತೆಂದು ಮಗಳು ತಟ್ಟೆ ದೂಡುತ್ತಾಳೆ. ನನ್ನದೊಂದು ತುಣುಕು ಹುಬ್ಬಳ್ಳಿಯ ಲ್ಯಾಬಿನಲ್ಲಿ ಪರೀಕ್ಷೆಗೆಂದು ಹುದುಗಿಸಿಟ್ಟ ಮೇಣದೊಳಗಿದೆ. ಉಳಿದ ನಾನು ಇಲ್ಲಿ ಕೆಮ್ಮುತ್ತಿದ್ದೇನೆ. ಯಾವ ಊರಿನವಳು ಎಂದು ಯಾರಾದರೂ ಕೇಳಿದರೆ ಕೈ ಎತ್ತುತ್ತೇನೆ. ಕೆಮ್ಮಿ ಮುಗಿಸುವವರೆಗೆ ಅವರು ನಿಲ್ಲಲಿ.